ನಿಮ್ಮ ಮಗನಿಗೆ ಎಷ್ಟು ಪರ್ಸೆಂಟ್?

ಬೆಂಗಳೂರಿನಲ್ಲಿ ಮೇ ಕೊನೆಯ ವಾರ ಮಳೆ ಬರುತ್ತೋ ಇಲ್ಲವೋ, ನಮ್ಮ ಅಪಾರ್ಟ್‌ಮೆಂಟಿನ ‘ಬೈ ಅಂಡ್ ಸೆಲ್’ ವಾಟ್ಸಾಪ್ ಗ್ರೂಪಿಗೆ ಮಾತ್ರ ಸ್ಕೂಲ್ ಸಾಮಾನು ಧೋ ಅಂತ ಸುರಿಯುತ್ತದೆ. ಪಿಟಿ ದಿನ ಹಾಕುವ ಬಿಳಿ ಶೂ, ಫೋಟೋದಲ್ಲಿ ಒಂದು ಕಾಲಿನದು ಮಾತ್ರ. ಕೈವಾರ ಇಲ್ಲದ ಜಾಮಿಟ್ರಿ ಬಾಕ್ಸು. ‘ಒಂದೇ ಸಲ ಹಾಕಿದ್ದು’ ಎಂದು ಬರೆದಿರುವ, ಮೊಣಕಾಲಿನ ಹತ್ತಿರ ತೇಪೆ ಕಾಣುವ ಪ್ಯಾಂಟು. ಹೌಸ್ ಟೀ ಶರ್ಟಿನ ಕಥೆ ಕೇಳಲೇಬೇಡಿ. ನಿಮ್ಮ ಮಗು ನೀಲಿ ಹೌಸ್ ಆಗಿದ್ದರೆ ಗ್ರೂಪಿನಲ್ಲಿ ಇರುವುದೆಲ್ಲ ಹಳದಿಯೇ. ಹಳದಿ ಹೌಸಿನ ಮಕ್ಕಳಷ್ಟೇ ಯಾಕೆ ಬೇಗ ಬೇಗ ಉದ್ದ ಆಗುತ್ತಾರೋ, ಅವರ ಮನೆಯಲ್ಲಿ ಏನು ತಿನ್ನಿಸುತ್ತಾರೋ ನನಗೆ ಗೊತ್ತಿಲ್ಲ.

ಮಾರದೇ ಏನು ಮಾಡೋದು ಹೇಳಿ. ಸ್ಕೂಲು ತೋರಿಸಿದ ಒಂದೇ ಅಂಗಡಿಯಲ್ಲಿ, ಅವರು ಹೇಳಿದ ರೇಟಿಗೆ, ಕ್ಯೂ ನಿಂತು ತಂದ ಯೂನಿಫಾರ್ಮ್ ಅದು. ‘ಬೆಳೆಯೋ ಹುಡುಗ’ ಅಂತ ಎರಡು ಸೈಜು ದೊಡ್ಡದೇ ತರುತ್ತೇವೆ. ಜೂನಿನಲ್ಲಿ ಹುಡುಗ ಬಟ್ಟೆಯೊಳಗೆ ಕಾಣಿಸುವುದೇ ಇಲ್ಲ. ಡಿಸೆಂಬರ್ ಹೊತ್ತಿಗೆ ಪ್ಯಾಂಟು ಗಿಡ್ಡ ಆಗಿರುತ್ತದೆ. ಸರಿಯಾಗಿ ಕೂತಿದ್ದ ಆ ಒಂದು ವಾರ ದಸರಾ ರಜೆಯಲ್ಲಿ ಕಳೆದುಹೋಗಿರುತ್ತದೆ.

ಪುಸ್ತಕದ ವಿಷಯ ಇನ್ನೂ ವಿಚಿತ್ರ. ಕೇಂದ್ರ ಸರ್ಕಾರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿಯವರು 2024ರಲ್ಲಿ ಮೂರು ಮತ್ತು ಆರನೇ ಕ್ಲಾಸಿನ ಪುಸ್ತಕ ಬದಲಾಯಿಸಿದರು. 2025ರಲ್ಲಿ ನಾಲ್ಕು, ಐದು, ಏಳು, ಎಂಟು. ನಮ್ಮ ಹುಡುಗ ಐದು ಮುಗಿಸಿದ್ದು ಸರಿಯಾಗಿ ಆ ವರ್ಷವೇ. ಕಿವಿ ಮಡಚದ, ಲೇಬಲ್ ಕೂಡ ಕಿತ್ತುಬರದ ಪುಸ್ತಕಗಳ ಸೆಟ್ಟು ಒಂದೇ ಏಪ್ರಿಲಿನಲ್ಲಿ ರದ್ದಿಯಾಯಿತು. ನಿಜವಾಗಿಯೂ ರದ್ದಿ. ತಕ್ಕಡಿ ಹಿಡಿದು ಬಂದವನು ತೂಗಿದ, ದುಡ್ಡು ಕೊಟ್ಟ, ಹೋದ. ಒಳಗಿನ ಪುಟದ ಫೋಟೋ ಕೇಳಲಿಲ್ಲ. ಯಾಕೆ ಮಾರ್ತಿದ್ದೀರಿ ಅಂತ ಕೇಳಲಿಲ್ಲ. ಅವನ ಬೆಲೆ ನನಗೆ ಈ ವರ್ಷ ಗೊತ್ತಾಗಿದೆ.

ಈ ವರ್ಷ ಆರನೇ ಕ್ಲಾಸಿನ ಸೆಟ್ಟು. ಪುಸ್ತಕ ಬದಲಾಗಿಲ್ಲ, ಸದ್ಯ. ಗ್ರೂಪಿಗೂ ಹಾಕಿದೆ, ಹಳೇ ಸಾಮಾನು ಮಾರುವ ಆ್ಯಪಿಗೂ ಹಾಕಿದೆ. ಜೊತೆಗೆ 30 ಸೈಜಿನ ಬ್ಲೇಜರು, ಹುಡುಗನ ಕಾಲು ನೆಲಕ್ಕೆ ಉಜ್ಜುವ ಹಾಗೆ ಆಗಿರುವ ಸಣ್ಣ ಸೈಕಲ್ಲು.

ಸೈಕಲ್ಲಿಗೆ ಹಾಕಿದ ಕೂಡಲೇ ಗಿರಾಕಿ ಬಂದ. ಬೆಲೆ ಕೇಳಲಿಲ್ಲ, ಬ್ರೇಕ್ ಹಿಡಿಯುತ್ತಾ ಕೇಳಲಿಲ್ಲ. ‘ನಾನು ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಈಗಲೇ ದುಡ್ಡು ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹೊಡೀರಿ’ ಅಂದ. ದುಡ್ಡು ಬರೋದಕ್ಕೆ ಪಿನ್ ಹೊಡೆಯೋ ಅಗತ್ಯವೇ ಇಲ್ಲ, ಪಿನ್ ಹೊಡೆದರೆ ದುಡ್ಡು ಹೋಗುತ್ತದೆ ಅನ್ನುವುದು ನಮ್ಮ ಬೀದಿಯ ಸೊಪ್ಪಿನ ಅಜ್ಜಿಗೂ ಗೊತ್ತು. ‘1930ಕ್ಕೆ ಫೋನ್ ಮಾಡ್ಲಾ?’ ಅಂತ ಬರೆದೆ. ಸೈಬರ್ ಪೊಲೀಸರ ನಂಬರು. ಸೈನಿಕರು ತಕ್ಷಣ ಹಿಂದೆ ಸರಿದರು. ಚೌಕಾಸಿ ಮಾಡದೆ ಒಪ್ಪಿಕೊಂಡವನು ಕಳ್ಳ. ಚೌಕಾಸಿ ಮಾಡುವವರು ನಿಜವಾದ ಗಿರಾಕಿಗಳು, ಅವರು ಕಳ್ಳನಿಗಿಂತ ಜಾಸ್ತಿ ಸುಸ್ತು ಮಾಡುತ್ತಾರೆ.

ನಿನ್ನೆ ಸಂಜೆಯಿಂದ ನನ್ನ ತಲೆ ಕೆಡಿಸಿರುವುದು ಅಂಥ ಒಬ್ಬ ನಿಜವಾದ ಗಿರಾಕಿ. ಅವರ ಪ್ರೊಫೈಲಿನಲ್ಲಿ ಮುಖ ಇಲ್ಲ, ಸೂರ್ಯಕಾಂತಿ ಹೂವಿದೆ. ಹಾಗಾಗಿ ನಮ್ಮನೆಯಲ್ಲಿ ಅವರ ಹೆಸರು ಸೂರ್ಯಕಾಂತಿ.

ಮೊದಲು ‘ಹಾಯ್ ಮ್ಯಾಮ್, ಸೆಟ್ ಇದೆಯಾ?’ ಅಂತ ಬಂತು. ಇದೆ ಅಂದೆ. ಸಾಮಾನ್ಯವಾಗಿ ಇಲ್ಲಿಗೆ ಕಥೆ ಮುಗಿಯುತ್ತದೆ. ‘ಇದೆಯಾ’ ಅಂತ ಕೇಳಿ, ‘ಇದೆ’ ಅನ್ನಿಸಿಕೊಂಡು ನಾಪತ್ತೆಯಾಗುವ ಜನರೇ ಜಾಸ್ತಿ. ಇರುವುದನ್ನು ಖಾತ್ರಿ ಮಾಡಿಕೊಂಡರೆ ಅವರಿಗೆ ಅದೇನೋ ನೆಮ್ಮದಿ. ಸೂರ್ಯಕಾಂತಿ ಹಾಗಲ್ಲ. ‘ಒಳಗಿನ ಪುಟ ಒಂದು ಫೋಟೋ ಪ್ಲೀಸ್’ ಅಂದರು. ಕಳಿಸಿದೆ. ‘ಲೈಟ್ ಹತ್ರ ಹಿಡಿದು ಇನ್ನೊಂದು?’ ಕಳಿಸಿದೆ. ‘ಬೆನ್ನಿನ ಕಡೆ?’ ಪುಸ್ತಕಕ್ಕೂ ಬೆನ್ನಿದೆ ಎಂದು ಆಗ ನೆನಪಾಗಿ ಅದನ್ನೂ ಕಳಿಸಿದೆ.

‘ಎಲ್ಲಾ ಪುಟ ಇದೆ ಅಲ್ವಾ ಮ್ಯಾಮ್?’

‘ಇದೆ.’

‘ಎಣಿಸಿದ್ರಾ?’

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಎನ್‌ಸಿಇಆರ್‌ಟಿಯ ಆರನೇ ಕ್ಲಾಸಿನ ಪುಸ್ತಕ ಹೊಸದೇ 65 ರೂಪಾಯಿ. ಅವರ ವೆಬ್‌ಸೈಟಿನಲ್ಲಿ ಪೂರ್ತಿ ಪುಸ್ತಕ ಪುಕ್ಕಟೆ ಸಿಗುತ್ತದೆ. ಬೆಲೆ ಇರುವುದು ಸ್ಕೂಲಿನವರು ಅದರ ಮೇಲೆ ಹೇರುವ ಗ್ರಾಮರ್, ಕಂಪ್ಯೂಟರ್, ಜಿಕೆ ಅನ್ನುವ ಖಾಸಗಿ ಪ್ರಕಾಶಕರ ಪುಸ್ತಕಗಳಿಗೆ. ನುಣುಪು ಕಾಗದ, ಬಣ್ಣದ ಚಿತ್ರ, ನೂರುಗಟ್ಟಲೆ ರೂಪಾಯಿ, ವರ್ಷವಿಡೀ ನಾಲ್ಕು ಪಾಠ. ಸೂರ್ಯಕಾಂತಿ ಆ ದುಬಾರಿ ಪುಸ್ತಕಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರ ತನಿಖೆಯೆಲ್ಲ ನಾನು 30 ರೂಪಾಯಿ ಹಾಕಿದ್ದ ಸೈನ್ಸ್ ಪುಸ್ತಕದ ಮೇಲೆ. ‘ಲಾಸ್ಟ್ ಪ್ರೈಸ್?’ ಅಂದರು. 25 ಅಂದೆ. ಆ ಐದು ರೂಪಾಯಿ ಇಳಿಸಿದ್ದೇ ತಪ್ಪಾಯಿತು ನೋಡಿ. ಏನೋ ದೋಷ ಇರಬೇಕು ಅಂತ ಅವರಿಗೆ ಅನುಮಾನ ಬಂತು.

‘ಮ್ಯಾಮ್, ಒಂದು ರಿಕ್ವೆಸ್ಟ್. ನನ್ನ ಮಗಳಿಗೆ ಡಸ್ಟ್ ಅಲರ್ಜಿ. ಸ್ವಲ್ಪ ಮೂಸಿ ನೋಡಿ ಹೇಳ್ತೀರಾ, ಹಳೇ ವಾಸನೆ ಇದೆಯಾ ಅಂತ?’

ಮೂಸಿದೆ. ಯಾಕೆ ಮೂಸಿದೆ ಅಂತ ಕೇಳಬೇಡಿ. ವ್ಯಾಪಾರ ಇಷ್ಟು ದೂರ ಬಂದಮೇಲೆ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ಡೈನಿಂಗ್ ಟೇಬಲ್ಲಿನ ಪಕ್ಕ ನಿಂತು, ಕನ್ನಡಕ ಹಣೆಗೆ ಏರಿಸಿ, ಸೈನ್ಸ್ ಪುಸ್ತಕದ ನಡುವೆ ಮೂಗು ಇಟ್ಟು ಉಸಿರು ಎಳೆದೆ. ಅದೇ ಹೊತ್ತಿಗೆ ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ಬಂದರು. ನೋಡಿದರು. ಏನೂ ಕೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಆದಮೇಲೆ ಕೆಲವನ್ನು ಕೇಳದೇ ಇರುವುದನ್ನು ಅವರು ಕಲಿತಿದ್ದಾರೆ. ನಾನೇ ತಡೆಯಲಾರದೆ, ‘ರೀ, ಇದು ಹಳೇ ವಾಸನೆಯಾ, ಬರೀ ಪುಸ್ತಕದ ವಾಸನೆಯಾ ನೋಡಿ’ ಅಂತ ಮ್ಯಾಥ್ಸ್ ಪುಸ್ತಕ ಮುಂದೆ ಹಿಡಿದೆ. ಅವರೂ ಮೂಸಿದರು. ‘ಚಕ್ಕುಲಿ’ ಅಂದರು.

ನೂರಾ ಹನ್ನೆರಡನೇ ಪುಟದಲ್ಲಿ ಚಕ್ಕುಲಿಯ ಒಂದು ಚೂರು ನಿಜವಾಗಿಯೂ ಇತ್ತು. ಕೊಡವಿ, ಒರೆಸಿ, ‘ವಾಸನೆ ಇಲ್ಲ’ ಅಂತ ಬರೆದೆ.

‘ಥ್ಯಾಂಕ್ಯೂ ಮ್ಯಾಮ್. ಅಂಡರ್‌ಲೈನ್ ಮಾಡಿದ್ದಾನಾ?’

‘ಇಲ್ಲ, ಹೊಸದರ ಹಾಗೇ ಇದೆ’ ಅಂದೆ, ಹೆಮ್ಮೆಯಿಂದಲೇ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಬಂತು:

‘ನಿಮ್ಮ ಮಗನಿಗೆ ಎಷ್ಟು ಪರ್ಸೆಂಟ್ ಬಂತು ಮ್ಯಾಮ್?’

ಫೋನು ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಹೊಸದರ ಹಾಗೆ ಇಟ್ಟ ಪುಸ್ತಕವೇ ನಮ್ಮ ಹುಡುಗ ಓದಿಲ್ಲ ಅನ್ನುವುದಕ್ಕೆ ಸಾಕ್ಷಿ ಆಗಿಬಿಟ್ಟಿತ್ತು. ‘ಹೇಳಬೇಡ’ ಅಂದರು ಯಜಮಾನರು. ‘ಅವರಿಗೇನು ಸಂಬಂಧ? ಅವೆನ್ಯೂ ರೋಡಲ್ಲಿ ಯಾರಾದ್ರೂ ಹಾಗೆ ಕೇಳ್ತಾರಾ?’ ಚಿಕ್ಕಪೇಟೆಯ ಪಕ್ಕದಲ್ಲೇ ಬೆಳೆದವರು ಅವರು. ಭಾನುವಾರ ಅಂಗಡಿಗಳು ಮುಚ್ಚಿದಾಗ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಹರಡುವ ಹಳೇ ಪುಸ್ತಕದ ರಾಶಿ ಅವರ ಪಾಲಿಗೆ ಜಗತ್ತಿನ ಎಲ್ಲ ಕಷ್ಟಕ್ಕೂ ಪರಿಹಾರ. ರೂಮಿನೊಳಗಿಂದ ಹುಡುಗ ಕೂಗಿದ, ‘ಅಮ್ಮಾ, ತೊಂಬತ್ತೊಂದು ಅಂತ ಹೇಳು! ಇನ್ನೂರು ಜಾಸ್ತಿ ಕೇಳು!’

ನಾನು ನಿಜವನ್ನೇ ಹೇಳಿದೆ. 71.

‘ಓಕೆ ಮ್ಯಾಮ್. ಮ್ಯಾಥ್ಸಲ್ಲಿ?’

ಅದನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಹೇಳಿದೆ, ಸಾಕು. ‘ಹಾಗಾದ್ರೆ ಮ್ಯಾಥ್ಸ್ ಬೇರೆ ಕಡೆ ತಗೋತೀನಿ, ಉಳಿದಿದ್ದು ಇಟ್ಟಿರಿ, ಆರು ಗಂಟೆಗೆ ಬರ್ತೀನಿ’ ಅಂದರು.

ಆರು ಗಂಟೆಗೆ ಬಾಗಿಲ ಬಳಿ ಚೀಲ ರೆಡಿ ಇಟ್ಟೆ. ಸೆಕ್ಯೂರಿಟಿಯವರಿಗೆ ಹೇಳಿಟ್ಟೆ. ಚಿಲ್ಲರೆ ಬೇಕಾದೀತೆಂದು ಹತ್ತರ ನೋಟು ಹುಡುಕಿಟ್ಟೆ. ‘ಆನ್ ದ ವೇ ಮ್ಯಾಮ್’ ಅಂದರು. ಆಮೇಲೆ ‘ಸಿಲ್ಕ್ ಬೋರ್ಡ್ ಹತ್ರ ಇದ್ದೀನಿ’ ಅಂದರು. ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಅಂದಮೇಲೆ ಕೇಳುವುದಕ್ಕೇನಿದೆ? ಬೆಂಗಳೂರಿನಲ್ಲಿ ಆ ಹೆಸರು ಹೇಳಿದರೆ ಯಾರನ್ನಾದರೂ ಕ್ಷಮಿಸಲೇಬೇಕು. ವಾಕಿಂಗ್ ಹೋಗಲಿಲ್ಲ. ಪಲ್ಯಕ್ಕೆ ಒಗ್ಗರಣೆ ಹಾಕುವಾಗಲೂ ಒಂದು ಕಿವಿ ಕಾಲಿಂಗ್ ಬೆಲ್ಲಿನ ಕಡೆಗೇ. ರಾತ್ರಿ ಊಟ ಮುಗಿದ ಮೇಲೆ ಮೆಸೇಜು: ‘ಸಾರಿ ಮ್ಯಾಮ್, ಹಸ್ಬೆಂಡ್ ಹೊಸದೇ ತಗೊಳೋಣ ಅಂದ್ರು.’ ಜೊತೆಗೆ ಕೈ ಮುಗಿಯುವ ಎಮೋಜಿ.

ಹೊಸದೇ ತಗೊಳ್ಳಲಿ ಪಾಪ, ಅವರ ದುಡ್ಡು. ಆದರೆ ಆ ಹಸ್ಬೆಂಡ್ ನಾನು ಮೂಸುವುದಕ್ಕಿಂತ ಮೊದಲೇ ಇದನ್ನು ಹೇಳಬಹುದಿತ್ತಲ್ಲ?

ರಾತ್ರಿ ನಿದ್ದೆ ಬರದೆ ಯೋಚಿಸುತ್ತಿದ್ದರೆ ಅರಸೀಕೆರೆ ನೆನಪಾಯಿತು. ಏಪ್ರಿಲ್ ಹತ್ತಕ್ಕೆ ರಿಸಲ್ಟು. ಪಾಸಾಗಿದ್ದು ಗೊತ್ತಾದ ಸಂಜೆಯೇ ಪಕ್ಕದ ಮನೆ ಅಕ್ಕನ ಹತ್ತಿರ ಓಟ. ಅವಳ ಪುಸ್ತಕ ನನಗೆ, ನನ್ನ ಪುಸ್ತಕ ಹಿಂದಿನ ಬೀದಿಯ ಹುಡುಗಿಗೆ. ಹಿಂದಿನ ರಟ್ಟಿನ ಮೇಲೆ ಅಚ್ಚಾದ ಬೆಲೆಗೆ ಅರ್ಧ. ಮೂರನೇ ಕೈಗೆ ಹೋದರೆ ಕಾಲು. ಚೌಕಾಸಿ ಇಲ್ಲ. ಮೊದಲ ಪುಟದಲ್ಲಿ ಒಂದರ ಕೆಳಗೊಂದು ಹೆಸರು, ಮೇಲಿನವಕ್ಕೆಲ್ಲ ಗೀಟು. ಕಿತ್ತುಹೋಗಿದ್ದರೆ ಅಪ್ಪ ದಬ್ಬಣದಲ್ಲಿ ಹೊಲಿದು, ಮೈದಾ ಅಂಟು ಹಚ್ಚಿ, ಮೇಲೆ ರುಬ್ಬುವ ಗುಂಡು ಹೇರಿ ಒಣಗಿಸುತ್ತಿದ್ದರು. ಪುಟದ ಅಂಚಿನಲ್ಲಿ ಅಕ್ಕನ ಪೆನ್ಸಿಲಿನ ಗುರುತು ಇರುತ್ತಿತ್ತು. ಎರಡು ಗೀಟು ಎಳೆದಿದ್ದರೆ ಪರೀಕ್ಷೆಗೆ ಬಂದೇ ಬರುತ್ತದೆ ಅಂತ. ಆ ಗುರುತನ್ನು ನಾನು ಮೇಷ್ಟರ ಮಾತಿಗಿಂತ ಜಾಸ್ತಿ ನಂಬಿದ್ದೆ. ಅಕ್ಕ ಮದುವೆಯಾಗಿ ಕಡೂರಿಗೆ ಹೋದಳು. ಆಮೇಲಿನ ವರ್ಷದ ಪುಸ್ತಕ ಹೊಸದು ಬಂತು. ನೋಡಿದರೆ ಓದುವುದು ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲ.

ಹಾಗಂತ ಆ ಕಾಲದವರೆಲ್ಲ ದೊಡ್ಡ ಮನಸ್ಸಿನವರು ಅನ್ನಬೇಡಿ. ನಮ್ಮಮ್ಮನೂ ಕಮ್ಮಿ ಇರಲಿಲ್ಲ. ‘ಜಾಣೆ ಹುಡುಗಿ ಪುಸ್ತಕ ತಗೋ, ಆ ದಡ್ಡಿದು ಬೇಡ’ ಅಂತ ಮೊದಲೇ ಹೇಳಿ ಕಳಿಸುತ್ತಿದ್ದಳು. ಪರ್ಸೆಂಟ್ ಎಷ್ಟು ಅಂತ ಕೇಳುವ ಅವಶ್ಯಕತೆ ಇರಲಿಲ್ಲ, ಅಷ್ಟೇ. ಯಾರಿಗೆ ಎಷ್ಟು ಬಂತು ಅನ್ನುವುದು ಇಡೀ ಬೀದಿಗೆ ಗೊತ್ತಿರುತ್ತಿತ್ತು.

ಇವತ್ತು ಬೆಳಿಗ್ಗೆ ನಮಗೆ ಏಳನೇ ಕ್ಲಾಸಿನ ಸೆಟ್ಟು ಸಿಕ್ಕಿತು. ಗ್ರೂಪಿನಲ್ಲಿ ಬಿ ಬ್ಲಾಕಿನವರೊಬ್ಬರು ಒಂದೇ ಫೋಟೋ ಹಾಕಿದ್ದರು. ಅದೂ ಮಸುಕು, ಅರ್ಧ ಫೋಟೋದಲ್ಲಿ ಅವರ ಹೆಬ್ಬೆರಳು. ಲಿಫ್ಟಿನ ಹತ್ತಿರ ಬಂದು ಕೊಟ್ಟರು. ಎಷ್ಟು ಸಾರ್ ಅಂದೆ. ‘ಹಿಂದೆ ಇರೋ ರೇಟಲ್ಲಿ ಅರ್ಧ ಹಾಕಿ’ ಅಂದರು. ಎಷ್ಟೋ ವರ್ಷದ ಮೇಲೆ ಆ ಮಾತು ಕೇಳಿದೆ. ಅವರನ್ನು ಕಾಫಿಗೆ ಕರೆಯುವಷ್ಟು ಖುಷಿಯಾಯಿತು, ಆದರೆ ಅವರಿಗೆ ಆಫೀಸ್ ಕ್ಯಾಬ್ ಬಂದಿತ್ತು.

ಮನೆಗೆ ತಂದು ತೆರೆದರೆ ತುಂಬಾ ಪೆನ್ಸಿಲು. ಗೀಟು, ನಕ್ಷತ್ರ, ಒಂದು ಕಡೆ ಟೀಚರಿನದೇ ಇರಬೇಕು, ಉದ್ದ ಮೂಗಿನ ಚಿತ್ರ. ಮ್ಯಾಥ್ಸ್ ಪುಸ್ತಕದ ಒಂದು ಪೂರ್ತಿ ಪುಟಕ್ಕೆ ಅಡ್ಡಗೀಟು ಎಳೆದು ‘ಬರಲ್ಲ, ಬಿಡಿ’ ಎಂದು ದುಂಡಗೆ ಬರೆದಿತ್ತು. ನಮ್ಮ ಹುಡುಗ ವರ್ಷವಿಡೀ ಪುಸ್ತಕ ಮುಟ್ಟದವನು ಸೋಫಾದ ಮೇಲೆ ಮಲಗಿ ಒಂದೊಂದೇ ಪುಟ ತಿರುವಿದ. ‘ಬಿಡಿ’ ಅಂತ ಬರೆದಿರುವುದನ್ನೆಲ್ಲ ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿಕೊಂಡ. ಅಷ್ಟು ಶ್ರದ್ಧೆಯಿಂದ ಅವನು ಏನನ್ನೂ ಬರೆದದ್ದು ನಾನು ನೋಡಿಲ್ಲ. ಆಮೇಲೆ ತಲೆ ಎತ್ತಿದ.

‘ಅಮ್ಮಾ, ಈ ಅಕ್ಕನಿಗೆ ಎಷ್ಟು ಪರ್ಸೆಂಟ್ ಬಂದಿತ್ತು ಅಂತ ಕೇಳ್ತೀಯಾ?’

ಕೇಳಿದೆನೋ ಇಲ್ಲವೋ ಹೇಳುವುದಿಲ್ಲ.

ಆರನೇ ಕ್ಲಾಸಿನ ಸೆಟ್ಟು ಇನ್ನೂ ನಮ್ಮನೆಯಲ್ಲೇ ಇದೆ. ಬ್ಲೇಜರೂ ಇದೆ, 30 ಸೈಜು. ಬೇಕಾದವರು ಹೇಳಿ. ಎಲ್ಲಾ ಪುಟ ಇದೆ, ಈಗ ಎಣಿಸಿದ್ದೀನಿ. ವಾಸನೆ ಇಲ್ಲ. ಸಿಲ್ಕ್ ಬೋರ್ಡ್ ಕಡೆಯವರು ಮಾತ್ರ ಹೊರಡುವ ಮುಂಚೆ ಒಂದು ಸಲ ಹಸ್ಬೆಂಡನ್ನು ಕೇಳಿಕೊಂಡು ಬನ್ನಿ.