ಕ್ಯಾರೆಟ್‌ಗೂ ಟ್ರೇ ಯಾಕೆ?

ಲೇಖನ ಚೆನ್ನಾಗಿದೆ. ಆದರೆ ವಸಂತದ ತೋಟಕ್ಕೆ ‘ಎಲ್ಲ ಬೀಜಗಳನ್ನೂ ಮೊದಲು ಟ್ರೇಯಲ್ಲೇ ಬೆಳೆಸಿ, ಆಮೇಲೆ ಮಡಿಗೆ ನೆಡಿ’ ಅಂದಿದ್ದೀರಲ್ಲ, ಆ ‘ಎಲ್ಲ’ಕ್ಕೆ ನನ್ನ ತಕರಾರಿದೆ. ಟೊಮೆಟೊ, ಮೆಣಸಿನಕಾಯಿ, ಬದನೆಗೆ ಅದು ಸರಿ. 6–8 ವಾರ ಮನೆಯೊಳಗೆ ಬೆಳೆದರೆ ಸಸಿ ನೆಡೋ ಹದಕ್ಕೆ ಬರುತ್ತೆ. ಕ್ಯಾರೆಟ್, ಮೂಲಂಗಿಗೆ ಹಾಗೆ ಮಾಡಿದರೆ ಕೆಟ್ಟಿತು. ನಾವು ತಿನ್ನೋದೇ ಅದರ ತಾಯಿಬೇರು. ಎತ್ತಿ ನೆಡುವಾಗ ತುದಿ ಮುರಿದರೆ ಕವಲೊಡೆಯುತ್ತೆ. ಮೊದಲ ವರ್ಷ ನಾನೂ ಒಂದು ಟ್ರೇ ಪೂರ್ತಿ ಕ್ಯಾರೆಟ್ ಸಸಿಗಳನ್ನ ಚಮಚದಲ್ಲಿ ನಾಜೂಕಾಗಿ ಎತ್ತಿ ನೆಟ್ಟಿದ್ದೆ. ಕಿತ್ತಾಗ ಒಂದೂ ನೆಟ್ಟಗಿರಲಿಲ್ಲ. ಒಂದಂತೂ ಕಾಲ ಮೇಲೆ ಕಾಲು ಹಾಕಿ ಕೂತ ಹಾಗಿತ್ತು! ಬೀನ್ಸ್ ಕೂಡ ನೇರ ನೆಲಕ್ಕೇ ಊರಿದರೆ ಸಾಕು, ಮಣ್ಣು ಬೆಚ್ಚಗಾಗೋವರೆಗೂ ಕಾಯಬೇಕು ಅಷ್ಟೆ. ತಣ್ಣಗಿನ ಒದ್ದೆ ಮಣ್ಣಲ್ಲಿ ಬೀಜ ಕೊಳೆಯುತ್ತೆ.

ಇನ್ನೊಂದು ವಿಷಯ ಬಿಟ್ಟುಹೋಗಿದೆ. ಒಳಗೆ ಬೆಳೆದ ಟೊಮೆಟೊ ಸಸೀನ ಸೀದಾ ಬಿಸಿಲಿಗೆ ತಂದರೆ ಎಲೆ ಬಿಳಿಚಿಕೊಂಡು ಸುಟ್ಟುಹೋಗುತ್ತೆ. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ ಇಡಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, 7–10 ದಿನ ಆದ ಮೇಲೆ ನೆಡಿ.