ಅಕ್ಕ ಕೇಳಿದ ಪ್ರಶ್ನೆಗೆ ಎರಡು ಪುಟದ ಉತ್ತರ

“ಕೊನೆಗೆ ಅವನಿಗೆ ಏನಾಯಿತು?” ಎಂದು ಅಕ್ಕ ಕೇಳಿದಳು. ಭಾವನ ಕಾಲಿನೊಳಗೆ ಕೂರಿಸಿದ್ದ ರಾಡನ್ನು ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದ ದಿನ ಅದು.

2021ರಲ್ಲಿ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಭಾವನ ಬೈಕಿಗೆ ಎದುರಿನಿಂದ ಬಂದ ಕಾರು ಗುದ್ದಿತ್ತು. ಚಾಲಕ ಕುಡಿದಿದ್ದ. ಕಾರಿನಿಂದ ಇಳಿದು ನೆಟ್ಟಗೆ ನಿಲ್ಲಲೂ ಅವನಿಗೆ ಆಗುತ್ತಿರಲಿಲ್ಲ ಎಂದು ಅಲ್ಲಿ ಸೇರಿದವರು ಹೇಳಿದ್ದರು, ದೂರಿನಲ್ಲೂ ಹಾಗೆಯೇ ಬರೆಸಿದ್ದೆವು. ಆಮೇಲೆ ಮೂರು ಶಸ್ತ್ರಚಿಕಿತ್ಸೆ, ಕೈಸಾಲ, ಸಂಬಳವಿಲ್ಲದ ರಜೆ. ಪರಿಹಾರದ ಅರ್ಜಿಯನ್ನು ವಕೀಲರೊಬ್ಬರು ನೋಡಿಕೊಂಡರು. ಅದು ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಗಿಯಿತು. ಆದರೆ ಆ ಮನುಷ್ಯನ ಮೇಲೆ ಪೊಲೀಸರು ಹೂಡಿದ ಕ್ರಿಮಿನಲ್ ಪ್ರಕರಣ ಏನಾಯಿತೆಂದು ನಮಗೆ ಯಾರೂ ಹೇಳಿರಲಿಲ್ಲ. ಸಾಕ್ಷಿ ಹೇಳಲು ಕರೆಯುತ್ತಾರೆ ಎಂದುಕೊಂಡು ಭಾವ ಕಾಯುತ್ತಲೇ ಇದ್ದರು. ಕರೆ ಬರಲಿಲ್ಲ.

ನ್ಯಾಯಾಲಯದ ದಾಖಲೆ ಸಾರ್ವಜನಿಕ ತಾನೇ, ಹತ್ತು ನಿಮಿಷದ ಕೆಲಸ ಎಂದುಕೊಂಡು ನಾನು ಹುಡುಕಲು ಕುಳಿತೆ. ಅದಕ್ಕೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಕಂಡದ್ದನ್ನು ಬರೆಯಲೇಬೇಕು ಅನ್ನಿಸಿದ್ದರಿಂದ ಇದು ಉದ್ದವಾಗಿದೆ. ಇದೇ ಸ್ಥಿತಿಯಲ್ಲಿರುವ ಮನೆಗಳು ಬಹಳ ಇವೆ, ಅವರಿಗಾದರೂ ದಾರಿ ಗೊತ್ತಾಗಲಿ.

ನಮ್ಮ ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳ ಸ್ಥಿತಿಗತಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತದೆ. ಮೊಬೈಲ್ ಆ್ಯಪ್ ಕೂಡ ಇದೆ. ಲಾಗಿನ್ ಬೇಡ, ಶುಲ್ಕವೂ ಇಲ್ಲ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆಯ್ದುಕೊಂಡು ಪಕ್ಷಗಾರರ ಹೆಸರು ಹಾಕಿ ಹುಡುಕಬಹುದು. ನಾನು ಮಾಡಿದ್ದೂ ಅದನ್ನೇ. ಈಗ ಅನುಭವದಿಂದ ಹೇಳುತ್ತೇನೆ: ಹೆಸರು ಹಾಕಿ ಹುಡುಕುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಆ ಚಾಲಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮಂಜುನಾಥ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ಆ ಹೆಸರನ್ನು ಬರೆಯುವುದು ಹೆಚ್ಚುಕಡಿಮೆ ಒಂದೇ ರೀತಿ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಕೊನೆಯಲ್ಲಿ ‘ಎ’ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ‘ಥ’ಕಾರಕ್ಕೆ ‘ಎಚ್’ ಹಾಕುವವರಿದ್ದಾರೆ, ಬರಿಯ ‘ಟಿ’ ಬರೆದು ಮುಗಿಸುವವರೂ ಇದ್ದಾರೆ. ಇನಿಷಿಯಲ್ ಮೊದಲು ಬರಬಹುದು, ಕೊನೆಗೆ ಬರಬಹುದು, ನಡುವೆ ಚುಕ್ಕಿ ಇರಬಹುದು, ಇಲ್ಲದಿರಬಹುದು. ಠಾಣೆಯಲ್ಲಿ ಒಬ್ಬರು ಕೇಳಿಸಿಕೊಂಡು ಬರೆದದ್ದನ್ನು ನ್ಯಾಯಾಲಯದ ಕಚೇರಿಯಲ್ಲಿ ಇನ್ನೊಬ್ಬರು ಟೈಪ್ ಮಾಡಿರುತ್ತಾರೆ. ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಏಳು ರೀತಿಯಲ್ಲಿ ಹಾಕಿ ನೋಡಿದೆ, ಪ್ರತಿ ಸಲವೂ ಪರದೆಯ ಮೇಲಿನ ಕ್ಯಾಪ್ಚಾ ಅಕ್ಷರಗಳನ್ನು ಟೈಪ್ ಮಾಡುವ ಕೆಲಸ ಬೇರೆ. ಜೊತೆಗೆ ನಾನೊಂದು ತಪ್ಪು ಮಾಡಿದ್ದೆ. ಪ್ರಕರಣ ಇನ್ನೂ ನಡೆಯುತ್ತಿದೆ ಎಂದು ನಂಬಿ ‘ಬಾಕಿ ಇರುವವು’ ಎಂಬುದನ್ನಷ್ಟೇ ಆಯ್ದುಕೊಂಡಿದ್ದೆ. ಮುಗಿದವುಗಳನ್ನೂ ಸೇರಿಸಿ ನೋಡಬೇಕಿತ್ತು.

ಐದನೆಯ ದಿನವೋ ಆರನೆಯ ದಿನವೋ ಒಂದು ಪ್ರಕರಣ ಸಿಕ್ಕಿತು. ಹೆಸರು ಅದೇ, ಇನಿಷಿಯಲ್ ಅದೇ, ಮೋಟಾರು ವಾಹನ ಕಾಯ್ದೆಯ 185ನೇ ಕಲಮು, ಅಂದರೆ ಕುಡಿದು ಗಾಡಿ ಓಡಿಸಿದ್ದು. ನನ್ನ ಕೈ ನಡುಗಿತು. ಅಕ್ಕನಿಗೆ ಫೋನ್ ಮಾಡಲು ಮೊಬೈಲ್ ಎತ್ತಿಕೊಂಡಿದ್ದೆ. ಯಾಕೋ ಇನ್ನೊಮ್ಮೆ ನೋಡೋಣ ಎನಿಸಿ ದಿನಾಂಕ ನೋಡಿದರೆ, ಘಟನೆ ನಮ್ಮ ಅಪಘಾತಕ್ಕೆ ಎಂಟು ತಿಂಗಳು ಮೊದಲಿನದು, ಠಾಣೆಯೂ ಬೇರೆ. ತಂದೆಯ ಹೆಸರು ಹೊಂದಲೇ ಇಲ್ಲ. ಅವನು ಬೇರೆ ಮನುಷ್ಯ. ಆ ಫೋನ್ ಮಾಡಿಬಿಟ್ಟಿದ್ದರೆ ನಮ್ಮ ಮನೆಯ ಮೂರು ವರ್ಷದ ಸಿಟ್ಟು ಪರಿಚಯವೇ ಇಲ್ಲದ ಯಾರದೋ ತಲೆಯ ಮೇಲೆ ಬೀಳುತ್ತಿತ್ತು. ಅವನೂ ಕುಡಿದು ಗಾಡಿ ಓಡಿಸಿದ್ದಿರಬಹುದು. ಆದರೆ ಭಾವನ ಕಾಲು ಮುರಿದದ್ದು ಅವನಲ್ಲ.

ಅಂದಿನಿಂದ ಹೆಸರು ಹಾಕಿ ಹುಡುಕುವುದನ್ನು ಬಿಟ್ಟೆ. ಹುಡುಗನ ಮನೆಯವರ ಬಗ್ಗೆ, ಬಾಡಿಗೆಗೆ ಬರುವವರ ಬಗ್ಗೆ, ಕೆಲಸಕ್ಕೆ ಅರ್ಜಿ ಹಾಕಿದವರ ಬಗ್ಗೆ ಇದೇ ರೀತಿ ಹೆಸರು ಒತ್ತಿ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ಪರದೆಯ ಮೇಲೆ ಕಾಣುವುದು ಆರೋಪಿಯ ಹೆಸರು. ಕೊನೆಗೆ ಬಿಡುಗಡೆಯಾದವನ ಹೆಸರೂ ಆ ಪುಟದಲ್ಲಿ ಉಳಿದೇ ಇರುತ್ತದೆ.

ಸರಿಯಾದ ದಾರಿ ನಮ್ಮ ಮನೆಯ ಬೀರುವಿನಲ್ಲೇ ಇತ್ತು. ಪರಿಹಾರದ ಅರ್ಜಿಯ ಪ್ರತಿಯೊಂದರಲ್ಲಿ ಠಾಣೆಯ ಹೆಸರು, ಅಪರಾಧ ಸಂಖ್ಯೆ (ಎಫ್‌ಐಆರ್ ಸಂಖ್ಯೆ ಎಂದರೂ ಇದೇ), ವರ್ಷ ಮೂರೂ ಇದ್ದವು. ಇ-ಕೋರ್ಟ್ಸ್‌ನಲ್ಲಿ ಎಫ್‌ಐಆರ್ ಸಂಖ್ಯೆ ಹಾಕಿ ಹುಡುಕುವ ಅವಕಾಶವಿದೆ. ಮೂರು ವಿವರ ತುಂಬಿದೆ, ಒಂದೇ ಒಂದು ಪ್ರಕರಣ ಎದುರಿಗೆ ಬಂತು. ಅದಕ್ಕೊಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ, ಅಕ್ಷರ ಮತ್ತು ಅಂಕಿ ಸೇರಿ ಹದಿನಾರು. ದೇಶದಲ್ಲಿ ಇನ್ನಾವ ಪ್ರಕರಣಕ್ಕೂ ಅದೇ ಸಂಖ್ಯೆ ಇರುವುದಿಲ್ಲ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ಬೇರೇನೂ ಬೇಡ. ಎಫ್‌ಐಆರ್ ಪ್ರತಿಯೇ ಕಳೆದುಹೋಗಿದ್ದರೂ ಹೆದರಬೇಕಾಗಿಲ್ಲ. ಸೂಕ್ಷ್ಮ ಸ್ವರೂಪದವನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ದೂರು ಕೊಟ್ಟವರಿಗೆ ಅದರ ಪ್ರತಿ ಉಚಿತವಾಗಿ ಸಿಗಬೇಕು ಎಂಬುದು ಅದಕ್ಕೂ ಹಳೆಯ ಕಾನೂನು.

ಪುಟ ತೆರೆದರೆ ಸ್ಥಿತಿಯ ಎದುರು ‘ವಿಲೇವಾರಿ ಆಗಿದೆ’ ಎಂದಿತ್ತು. 2023ರಲ್ಲೇ. ತಪ್ಪೊಪ್ಪಿಗೆ ಎಂದು ಕಾರಣ. ಆದೇಶದ ಪ್ರತಿ ಇರಬೇಕಾದ ಜಾಗ ಖಾಲಿ.

ಭಾವನಿಗೆ ಕರೆ ಏಕೆ ಬರಲಿಲ್ಲ ಎಂಬುದು ಆಗ ಅರ್ಥವಾಯಿತು. ಆರೋಪಿ ತಪ್ಪೊಪ್ಪಿಕೊಂಡರೆ ಸಾಕ್ಷಿಗಳು ಬೇಕಾಗಿಲ್ಲ. ನ್ಯಾಯಾಲಯ ತಪ್ಪು ಮಾಡಿತೆಂದು ನಾನು ಹೇಳುತ್ತಿಲ್ಲ. ಆದರೆ ಕಾಲು ಮುರಿದುಕೊಂಡವನ ಪ್ರಕರಣ ಒಂದೇ ಬೆಳಿಗ್ಗೆಯಲ್ಲಿ ಮುಗಿದುಹೋಗಿ, ಅವನಿಗೇ ಒಂದೂವರೆ ವರ್ಷ ಸುದ್ದಿ ತಲುಪದಿದ್ದರೆ ಅದನ್ನು ಸಾರ್ವಜನಿಕ ವಿಚಾರಣೆ ಎಂದು ಹೇಗೆ ಕರೆಯುವುದು? ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯಬೇಕು ಎಂಬುದು ಸಾಮಾನ್ಯ ನಿಯಮವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1966ರ ನರೇಶ್ ಮಿರಾಜ್‌ಕರ್ ಪ್ರಕರಣದಲ್ಲಿ ಹೇಳಿತ್ತು. ಕೋಣೆಯ ಬಾಗಿಲು ತೆರೆದಿತ್ತು, ನಿಜ. ಯಾವ ದಿನ ಬರಬೇಕು ಎಂದು ಗೊತ್ತಿಲ್ಲದವನಿಗೆ ಅದರಿಂದ ಏನು ಪ್ರಯೋಜನ?

ಮುಂದಿನದು ಆದೇಶದ ಪ್ರತಿಗಾಗಿ ನಕಲು ಅರ್ಜಿ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಎಂದುಕೊಂಡಿದ್ದೆ, ವಕೀಲ ಮಿತ್ರರೊಬ್ಬರು ತಡೆದರು. ನ್ಯಾಯಾಲಯದ ಕಡತದ ಪ್ರತಿಗೆ ಹೈಕೋರ್ಟ್ ನಿಯಮಗಳು ದಾರಿ ಮಾಡಿಕೊಟ್ಟಿರುವಾಗ ಆ ದಾರಿಯಲ್ಲೇ ಹೋಗಬೇಕು, ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ಹಾಗಾಗಿ ನಾನೇ ನಕಲು ವಿಭಾಗಕ್ಕೆ ಹೋದೆ.

“ಈ ಪ್ರಕರಣದಲ್ಲಿ ನೀವು ಯಾರು ಮೇಡಂ?” ಎಂದು ಅಲ್ಲಿದ್ದವರು ಕೇಳಿದರು.

“ಗಾಯಗೊಂಡವರು ನನ್ನ ಭಾವ.”

“ಹಾಗಾದರೆ ಅವರೇ ಅರ್ಜಿ ಹಾಕಬೇಕು. ನೀವು ಹಾಕಿದರೆ ಹೊರಗಿನವರಾಗುತ್ತೀರಿ, ಕಾರಣ ಬರೆದು ಸಾಹೇಬರ ಅನುಮತಿ ತೆಗೆದುಕೊಳ್ಳಬೇಕಾಗುತ್ತದೆ.”

ಅವರು ಸೌಜನ್ಯದಿಂದಲೇ ಹೇಳಿದರು, ಹೇಳಿದ್ದು ಕಾನೂನಿಗೆ ಸರಿಯಾಗಿಯೂ ಇತ್ತು. ತೀರ್ಪಿನಿಂದ ಬಾಧಿತರಾದ ಯಾರಿಗಾದರೂ ಶುಲ್ಕ ಕಟ್ಟಿಸಿಕೊಂಡು ಪ್ರತಿ ಕೊಡಬೇಕು, ಉಳಿದವರಿಗೆ ಹೈಕೋರ್ಟ್ ನಿಯಮದಂತೆ ಎಂದು ದಂಡ ಪ್ರಕ್ರಿಯಾ ಸಂಹಿತೆಯ 363ನೇ ಕಲಮಿನಲ್ಲಿತ್ತು. ಅದೇ ಮಾತು ಈಗ ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ರಲ್ಲಿದೆ. ಮರುದಿನ ಭಾವನನ್ನು ಕರೆದುಕೊಂಡು ಹೋದೆ. ಊರುಗೋಲು ಹಿಡಿದು ಎರಡು ಮಹಡಿ ಹತ್ತಿ ಅವರು ಸಹಿ ಮಾಡಿದರು. ಹನ್ನೆರಡು ದಿನದ ನಂತರ ದೃಢೀಕೃತ ಪ್ರತಿ ಸಿಕ್ಕಿತು. ಎರಡು ಪುಟ.

ಇಷ್ಟು ಹೊತ್ತು ದಾರಿಯ ಕಷ್ಟ ಹೇಳಿದೆ. ನನ್ನನ್ನು ನಿಜವಾಗಿ ಕಲಕಿದ್ದು ಆ ಎರಡು ಪುಟ.

ಎಫ್‌ಐಆರ್‌ನಲ್ಲಿ ಮೂರು ಕಲಮುಗಳಿದ್ದವು. ಅಡ್ಡಾದಿಡ್ಡಿ ಚಾಲನೆಗೆ ಭಾರತೀಯ ದಂಡ ಸಂಹಿತೆಯ 279, ತೀವ್ರ ಗಾಯ ಮಾಡಿದ್ದಕ್ಕೆ 338, ಕುಡಿದು ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 185. ಆದೇಶದಲ್ಲಿ ಎರಡೇ ಇವೆ. ದೋಷಾರೋಪಣಾ ಪಟ್ಟಿ ಸಲ್ಲಿಸುವ ಹೊತ್ತಿಗೆ 185 ಬಿಟ್ಟುಹೋಗಿದೆ. ಆರೋಪಿ 279 ಮತ್ತು 338ಕ್ಕೆ ತಪ್ಪೊಪ್ಪಿಕೊಂಡ, ತಲಾ 1,000 ರೂಪಾಯಿ ದಂಡ ಕಟ್ಟಿದ, ಹೋದ. ಆ ಕಲಮುಗಳಲ್ಲಿ ದಂಡದ ಮಿತಿಯೇ ಅಷ್ಟಿತ್ತು. ಜೈಲು ಶಿಕ್ಷೆಗೂ ಅವಕಾಶವಿತ್ತು, ವಿಧಿಸಿಲ್ಲ.

185 ಏಕೆ ಮುಖ್ಯ ಎಂದರೆ, ಅದು ಹೆಲ್ಮೆಟ್ ದಂಡದಂತೆ ರಸ್ತೆಯಲ್ಲೇ ಕಟ್ಟಿ ಮುಗಿಸುವ ಅಪರಾಧವಲ್ಲ. ಅಲ್ಲಿಯೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿ ಕಾಯ್ದೆಯ 200ನೇ ಕಲಮಿನಲ್ಲಿದೆ, ಅದರಲ್ಲಿ 185 ಇಲ್ಲ. ನ್ಯಾಯಾಲಯಕ್ಕೆ ಹೋಗಲೇಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೆಯ ಸಲ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ, ಇಲ್ಲವೇ ಎರಡೂ. 2019ರ ತಿದ್ದುಪಡಿಯಿಂದ ಬಂದ ದಂಡ ಇದು, ಹಿಂದೆ ಮೊದಲ ಸಲಕ್ಕೆ ಎರಡು ಸಾವಿರದವರೆಗಷ್ಟೇ ಇತ್ತು.

‘ಎರಡನೆಯ ಸಲ’ ಎಂಬ ಮಾತನ್ನು ಗಮನಿಸಿ. ಮೊದಲ ಸಲದ್ದು ದಾಖಲೆಯಲ್ಲಿದ್ದು, ಅದನ್ನು ಹುಡುಕಿ ನ್ಯಾಯಾಧೀಶರ ಮುಂದೆ ಇಡುವವರಿದ್ದರೆ ಮಾತ್ರ ಎರಡನೆಯ ಸಲ ಎಂಬುದು ಇರುತ್ತದೆ. ಬೇರೆ ಜಿಲ್ಲೆಯಲ್ಲಿ, ಬೇರೆ ಠಾಣೆಯಲ್ಲಿ, ಹೆಸರಿನ ಇನ್ನೊಂದು ಸ್ಪೆಲ್ಲಿಂಗ್‌ನಲ್ಲಿ ಆದದ್ದನ್ನು ಯಾರು ಹುಡುಕುತ್ತಾರೆ? ನನ್ನಂಥವಳು ಮನೆಯ ಪ್ರಕರಣವೊಂದನ್ನೇ ಹುಡುಕಲು ಅಷ್ಟು ಒದ್ದಾಡಿದೆ. ದಿನಕ್ಕೆ ಹತ್ತಾರು ಪ್ರಕರಣ ನೋಡಬೇಕಾದ ಸಹಾಯಕ ಸರ್ಕಾರಿ ಅಭಿಯೋಜಕರಿಗೆ ಅದು ಸಾಧ್ಯವೇ? ಭಾವನಿಗೆ ಗುದ್ದಿದವನು ನಾಳೆ ಕುಡಿದು ಇನ್ನೊಬ್ಬರಿಗೆ ಗುದ್ದಿದರೂ ಕಾಗದದ ಮೇಲೆ ಅದು ಅವನ ಮೊದಲ ಸಲ. ಕಾಗದದ ಪ್ರಕಾರ ಅವನು ಕುಡಿದಿರಲೇ ಇಲ್ಲ.

ಅದಕ್ಕೇ ನನಗೆ ಅನಿಸುವುದು, ನಾವು ದಾಖಲೆಯನ್ನು ತಪ್ಪು ಕಡೆಯಿಂದ ತೆರೆದಿಟ್ಟಿದ್ದೇವೆ. ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಒತ್ತಿ ಕುತೂಹಲ ತೀರಿಸಿಕೊಳ್ಳಬಹುದು. ಗಾಯಗೊಂಡವನಿಗೆ ಆದೇಶ ಸಿಗಬೇಕಾದರೆ ಮಹಡಿ ಹತ್ತಬೇಕು. ಇದು ತಿರುವುಮುರುವಾಗಬೇಕು. ಠಾಣೆ, ಅಪರಾಧ ಸಂಖ್ಯೆ, ದಿನಾಂಕ, ವಾಹನ ಸಂಖ್ಯೆ ಇವುಗಳಿಂದ ಹುಡುಕಿದರೆ ಪ್ರಕರಣ ಪೂರ್ತಿ ತೆರೆದುಕೊಳ್ಳಲಿ: ಯಾವ ಕಲಮು ಸೇರಿತು, ಯಾವುದು ಬಿಟ್ಟುಹೋಯಿತು, ಏಕೆ, ಶಿಕ್ಷೆ ಏನು. ಬರಿಯ ಹೆಸರಿನಿಂದ ಹುಡುಕುವುದಕ್ಕೆ ಕಡಿವಾಣ ಬೀಳಲಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಹೇಳಿದೆ, ಅದು ಆರೋಪಿಗೂ ಅನ್ವಯಿಸುತ್ತದೆ. ಕುಡಿದು ಓಡಿಸಿ ಸಿಕ್ಕಿಬಿದ್ದವರ ಫೋಟೊ ಹಾಕಿ ಮಾನ ಕಳೆಯಬೇಕೆನ್ನುವವರ ಜೊತೆ ನಾನಿಲ್ಲ. ನನಗೆ ಅವನ ಮಾನ ಬೇಡ. ಅವನು ಮಾಡಿದ್ದು ಏನೆಂದು ಬರೆದಿಟ್ಟ ಕಾಗದ ಬೇಕು.

ಒಂದಷ್ಟು ಬದಲಾಗಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ 90 ದಿನದೊಳಗೆ ತಿಳಿಸಬೇಕು. ಸಂತ್ರಸ್ತರ ಪರ ವಕೀಲರಿದ್ದರೆ ಪೊಲೀಸ್ ವರದಿಯ (ಅಂದರೆ ದೋಷಾರೋಪಣಾ ಪಟ್ಟಿಯ) ಪ್ರತಿಯನ್ನು ಅವರಿಗೂ ಕೊಡಬೇಕು. ಇದು ದೊಡ್ಡ ಮಾತು, 185 ಬಿಟ್ಟುಹೋದದ್ದು ನಮಗೆ ಆಗಲೇ ಗೊತ್ತಾಗಿದ್ದರೆ ಆಕ್ಷೇಪಿಸಬಹುದಿತ್ತು. ತೀರ್ಪನ್ನು ಏಳು ದಿನದೊಳಗೆ ಜಾಲತಾಣಕ್ಕೆ ಹಾಕಬೇಕು ಎಂದೂ ಇದೆ, ಆದರೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಪದಗಳೊಡನೆ. ಆ ಪದಗಳು ನನಗೆ ಭಯ ಹುಟ್ಟಿಸುತ್ತವೆ. ಎರಡು ಪುಟದ ತಪ್ಪೊಪ್ಪಿಗೆ ಆದೇಶಗಳೇ ಮೊದಲು ಆ ಸಂದಿಯಲ್ಲಿ ಕಳೆದುಹೋಗುತ್ತವೆ. ದೊಡ್ಡ ತೀರ್ಪುಗಳನ್ನು ಪತ್ರಿಕೆಗಳಾದರೂ ಕೇಳುತ್ತವೆ, ಇವುಗಳನ್ನು ಕೇಳುವವರು ಭಾವನಂಥವರು ಮಾತ್ರ.

ನಿಮ್ಮ ಮನೆಯಲ್ಲಿ ಇಂಥದ್ದೇನಾದರೂ ಆಗಿದ್ದರೆ ಇಂದೇ ಹಳೆಯ ಕಾಗದಗಳಲ್ಲಿ ಅಪರಾಧ ಸಂಖ್ಯೆ ಹುಡುಕಿಡಿ. ಸಿಎನ್‌ಆರ್ ಸಿಕ್ಕಿದ ಕೂಡಲೇ ಮುಂದಿನ ವಾಯಿದೆ ಯಾವಾಗ ಎಂದು ನೋಡಿ, ಆ ದಿನ ಹೋಗಿ ಕುಳಿತುಕೊಳ್ಳಿ. ಎಫ್‌ಐಆರ್‌ನಲ್ಲಿರುವ ಕಲಮುಗಳನ್ನೂ ದೋಷಾರೋಪಣಾ ಪಟ್ಟಿಯಲ್ಲಿರುವವನ್ನೂ ಪಕ್ಕದಲ್ಲಿಟ್ಟು ಓದಿ. ನಾವು ಇದನ್ನು ಮಾಡಲಿಲ್ಲ.

ಅಕ್ಕ ಆ ಎರಡು ಪುಟಗಳನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಎರಡು ಸಲ ಓದಿದಳು. “ಕುಡಿದಿದ್ದ ಎಂದು ಎಲ್ಲೂ ಇಲ್ಲವಲ್ಲೇ” ಎಂದಳು. ಆಮೇಲೆ ಎಕ್ಸ್‌ರೇಗಳಿದ್ದ ಚೀಲದೊಳಗೆ ಅವುಗಳನ್ನೂ ಇಟ್ಟಳು.

ಪೊಲೀಸ್ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಭಾವನ ಹೆಸರಿನಲ್ಲಿ ಅರ್ಜಿ ಹಾಕಿದ್ದೇವೆ. ಕೇಳಿರುವುದು ಮೂರೇ ಪ್ರಶ್ನೆ: ಆ ರಾತ್ರಿ ಚಾಲಕನ ಉಸಿರಿನ ಪರೀಕ್ಷೆಯಾಗಲಿ ರಕ್ತದ ಪರೀಕ್ಷೆಯಾಗಲಿ ನಡೆಯಿತೇ, ನಡೆದಿದ್ದರೆ ವರದಿ ಎಲ್ಲಿದೆ, 185ನ್ನು ಕೈಬಿಡಲು ಬರೆದ ಕಾರಣ ಏನು. ಉತ್ತರಕ್ಕೆ ಕಾಯ್ದೆ ಕೊಡುವ ಗಡುವು 30 ದಿನ. ಇಂದಿಗೆ ಇಪ್ಪತ್ತೆರಡು ದಿನಗಳಾಗಿವೆ.