ಟಗರಿನ ಗುಟ್ಟು

ಗಾಳಕ್ಕೆ ಉಣ್ಣೆ, ಗರಿ ಸುತ್ತಿ ಹುಳದ ನಕಲು ಕಟ್ಟಿ ಟ್ರೌಟ್ ಮೀನಿಗೆ ಎಸೆಯುವ ಹುಚ್ಚು ನಮ್ಮದು. ಹಾಗೆ ಕಟ್ಟುವಾಗ ಗಾಳದ ಕಣ್ಣಿಗೆ, ಅಂದರೆ ಎಳೆ ಪೋಣಿಸುವ ತೂತಿಗೆ, ವಾರ್ನಿಷ್ ಮೆತ್ತಿ ಒಣಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂಜೆ ಹೊತ್ತು, ನೀರಿನ ಮೇಲೆ ಮೇಫ್ಲೈ ಎಂಬ ಪುಟ್ಟ ಹುಳಗಳು ಎದ್ದಿವೆ, ಟ್ರೌಟ್‌ಗಳು ಒಂದೊಂದಾಗಿ ಮೇಲೆ ಬಂದು ಚಪ್ಪರಿಸುತ್ತಿವೆ, ಬೆಳಕು ಇನ್ನೇನು ಹೋಗುತ್ತದೆ. 18ನೇ ನಂಬರಿನ ಗಾಳ (ನಂಬರು ಏರಿದಷ್ಟೂ ಗಾಳ ಚಿಕ್ಕದಾಗುವ ಈ ಲೆಕ್ಕವನ್ನು ಯಾವ ಪುಣ್ಯಾತ್ಮ ಹಾಕಿದನೋ) ಬೆರಳ ತುದಿಯಲ್ಲಿ ಹಿಡಿದು, ಕನ್ನಡಕವನ್ನು ಹಣೆಗೇರಿಸಿ ಎಳೆ ಪೋಣಿಸಹೋದರೆ ತೂತೇ ಇಲ್ಲ! ಇದನ್ನು ಕಟ್ಟಿಕೊಟ್ಟ ಗೆಳೆಯ ಹುಳದ ಮೈಯ ಬಣ್ಣದ ಬಗ್ಗೆ ಮಾತ್ರ ಅರ್ಧ ಗಂಟೆ ಭಾಷಣ ಬಿಗಿದಿದ್ದ. ಬರಿಯ ಹಳದಿಯಲ್ಲವಂತೆ, ಗುಲಾಬಿಯೂ ಅಲ್ಲವಂತೆ, ಎರಡರ ನಡುವಿನದಂತೆ.

ಈ ಬಣ್ಣದ ಹುಚ್ಚು ಇವನೊಬ್ಬನದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಇಂಗ್ಲೆಂಡಿನ ಡೆವನ್ ಸೀಮೆಯ ಟಿವರ್ಟನ್‌ನಲ್ಲಿ ಆರ್. ಎಸ್. ಆಸ್ಟಿನ್ ಎಂಬ ಮಹಾಶಯನಿದ್ದ. 1900ರ ಆಸುಪಾಸಿನಲ್ಲಿ ಅವನು ಕಟ್ಟಿದ ಹುಳಕ್ಕೆ ಮೀನುಗಳು ಮುಗಿಬೀಳತೊಡಗಿದವು. ‘ಟಪ್ಸ್ ಇಂಡಿಸ್ಪೆನ್ಸಬಲ್’ ಎಂದು ಅದಕ್ಕೆ ನಾಮಕರಣ ಮಾಡಿದವನು ಸ್ಕ್ಯೂಸ್ ಎಂಬ ವಕೀಲ. ಆದರೆ ಮೈಗೆ ಸುತ್ತಿದ್ದು ಏನೆಂಬುದು ಮಾತ್ರ ಗುಟ್ಟು. ಅಪ್ಪ ತೀರಿಕೊಂಡ ಮೇಲೆ ಮಗಳು ವರ್ಷಗಟ್ಟಲೆ ಕಟ್ಟಿ ಮಾರಿದಳು. ಅವಳೂ ಬಾಯಿ ಬಿಡಲಿಲ್ಲ. ಕೊನೆಗೆ ಗುಟ್ಟು ರಟ್ಟಾದಾಗ ಗೊತ್ತಾದದ್ದು, ಅದು ಟಗರಿನ ಉಣ್ಣೆ ಎಂದು. ಉಣ್ಣೆಯೆಂದರೆ ಬೆನ್ನಿನದಲ್ಲ, ಕುತ್ತಿಗೆಯದೂ ಅಲ್ಲ. ಹಿಂಗಾಲುಗಳ ನಡುವೆ ತೂಗುತ್ತದಲ್ಲ, ಆ ಚೀಲದ ಮೇಲಿನದು.

ಕಾರಣ ಇಲ್ಲದಿಲ್ಲ. ಅಲ್ಲಿಯ ಉಣ್ಣೆಯಲ್ಲಿ ಜಿಡ್ಡು ಜಾಸ್ತಿ, ನೀರು ಬೇಗ ಹೀರುವುದಿಲ್ಲ. ಜೊತೆಗೆ ಆ ಹೇಳಲಾಗದ ಬಣ್ಣ ಬೇರೆ. ಒಪ್ಪಿದೆ. ಆದರೆ ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಇದು ಮೊದಲು ಹೊಳೆದದ್ದು ಹೇಗೆ? ಬೇಲಿಯಾಚೆ ಮೇಯುತ್ತಿರುವ ಟಗರನ್ನು ಹಿಂದಿನಿಂದ ದಿಟ್ಟಿಸಿ ನೋಡುತ್ತ ನಿಂತು, ‘ಆಹಾ, ಥೇಟ್ ಮೇಫ್ಲೈ ಹೊಟ್ಟೆ!’ ಎಂದುಕೊಳ್ಳುವ ಮನುಷ್ಯ ಎಂಥವನಿರಬೇಕು? ಕುರಿ ಕಾಯುವವನ ಹತ್ತಿರ ಹೋಗಿ ಏನೆಂದು ಕೇಳಿದ? ‘ಒಂದು ಚಿಟಿಕೆ ಉಣ್ಣೆ ಬೇಕಿತ್ತು’ ಎಂದು ಶುರುಮಾಡಿ, ಯಾವ ಕಡೆಯದೆಂದು ಅವನು ಕೇಳಿದಾಗ ಬೆರಳು ಮಾಡಿ ತೋರಿಸಿದನೇ? ಕತ್ತರಿ ಹಿಡಿದವರು ಯಾರು, ಟಗರನ್ನು ಹಿಡಿದವರು ಯಾರು? ಟಗರು ಸುಮ್ಮನೆ ನಿಂತಿತೇ? ಗುಟ್ಟು ಗುಟ್ಟಾಗಿ ಉಳಿದದ್ದು ವ್ಯಾಪಾರದ ಜಾಣತನದಿಂದಲ್ಲ, ನಾಲ್ಕು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ, ಅಷ್ಟೇ ಎಂದು ನನ್ನ ಅನುಮಾನ.

ಅಟ್ಲಾಂಟಿಕ್‌ನ ಆಚೆ ದಡದ ಅಮೆರಿಕದವರೇನೂ ಕಡಿಮೆಯಿಲ್ಲ. ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳ ಕಡೆ ಹೆಂಡ್ರಿಕ್‌ಸನ್ ಎಂಬ ಹುಳ ಕಟ್ಟುವವರಿಗೆ ಹೆಣ್ಣುನರಿಯ ಹೊಟ್ಟೆಯ ತುಪ್ಪಳವೇ ಆಗಬೇಕು, ಅದೂ ಉಚ್ಚೆ ತಾಗಿ ತಾಗಿ ನಸುಗೆಂಪಾದದ್ದು. ಬಣ್ಣದ ಡಬ್ಬಿ ಕಂಡುಹಿಡಿದು ಎಷ್ಟು ಕಾಲವಾಯಿತು ಸ್ವಾಮಿ?

ಇಷ್ಟೆಲ್ಲ ಯಾರಿಗಾಗಿ? ನೀರೊಳಗಿನ ಮೀನಿಗೆ ಮೇಲಿನ ಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಂಡಿಯಲ್ಲಿ ಮಾತ್ರ. ಅದರ ಸುತ್ತ ನೀರಿನ ಮೇಲ್ಮೈ ಕನ್ನಡಿಯಾಗಿರುತ್ತದೆ. ತೇಲಿ ಬರುವ ಹುಳದ್ದು ಆ ಕನ್ನಡಿಯಲ್ಲಿ ಮೊದಲು ಕಾಣುವುದು ಕಾಲೂರಿದ ಕಡೆ ಬಿದ್ದ ಪುಟ್ಟ ಪುಟ್ಟ ತಗ್ಗುಗಳು. ಗಾಳದ ಸುತ್ತ ಕಾಲುಗಳಂತೆ ಚಾಚಿಕೊಳ್ಳುವ ಹ್ಯಾಕಲ್‌ಗೆ ಒಳ್ಳೆಯ ಹುಂಜದ ಕುತ್ತಿಗೆಯ ಗರಿ ಸುತ್ತಿದ್ದರೆ ಅದರ ಬಿರುಸಾದ ಎಳೆಗಳೂ ಅಂಥವೇ ತಗ್ಗು ಮಾಡುತ್ತವೆ. ಮೈಯ ಬಣ್ಣ ಆಮೇಲಿನ ಮಾತು. ಅದೂ ಬೆಳಕಿಗೆ ಅಡ್ಡವಾಗಿ, ಕಪ್ಪು ಕಪ್ಪಾಗಿ. ಇದನ್ನು ಗೆಳೆಯನಿಗೆ ಹೇಳಿದರೆ ‘ಮೀನಿಗೆ ಗೊತ್ತಾಗುತ್ತೆ ಕಣೋ’ ಎನ್ನುತ್ತಾನೆ. ಮೀನು ಬಂದು ಇವನ ಕಿವಿಯಲ್ಲಿ ಹೇಳಿತ್ತೇನೋ.

ಇನ್ನು ಆ ಆ್ಯಡಮ್ಸ್ ಎಂಬ ಹುಳ ಇದೆಯಲ್ಲ, 1922ರಲ್ಲಿ ಮಿಷಿಗನ್‌ನ ಲೆನ್ ಹ್ಯಾಲಡೇ ಕಟ್ಟಿದ್ದು. ಬೂದು ಮೈ, ಕಂದು ಗರಿಯ ಜೊತೆ ಚುಕ್ಕಿ ಪಟ್ಟೆಯ ಇನ್ನೊಂದು ಗರಿ. ಮೊದಲು ಅದನ್ನು ಎಸೆದು ಮೀನು ಹಿಡಿದ ಗೆಳೆಯನ ಹೆಸರನ್ನೇ ಇಟ್ಟು ಕೈತೊಳೆದುಕೊಂಡ. ಯಾವ ಹುಳದ ನಕಲು ಎಂದು ಕೇಳಿದರೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಒಂದರ್ಥದಲ್ಲಿ ಎಲ್ಲದರ ಹಾಗೂ ಇದೆ, ಯಾವುದರ ಹಾಗೂ ಇಲ್ಲ. ಅದಕ್ಕೆ ಬೀಳುವಷ್ಟು ಮೀನು ನರಿಯ ತುಪ್ಪಳಕ್ಕೂ ಬೀಳುವುದಿಲ್ಲ. ನನ್ನ ಡಬ್ಬಿಯ ಮುಕ್ಕಾಲು ಪಾಲು ಆ್ಯಡಮ್ಸೇ.

ಉಳಿದ ಕಾಲು ಪಾಲಿನಲ್ಲಿ ಟಪ್ಸ್ ಇವೆ. ನಾನೇ ಕಟ್ಟಿದ್ದು. ಉಣ್ಣೆ ಎಲ್ಲಿಂದ ತಂದೆ ಎಂದು ಮಾತ್ರ ಕೇಳಬೇಡಿ.